ಆಲ್ಬಂ ತೋರಿಸಿದವರು ಧಾರೆಗೆ ಬರಲೇ ಇಲ್ಲ! ಮದುವೆ ಫೋಟೋಗ್ರಾಫರ್ ಬುಕ್ ಮಾಡುವವರು ದಯವಿಟ್ಟು ಓದಿ

ಮನೆಯಲ್ಲಿ ಮದುವೆ ಇದ್ದು ಫೋಟೋಗ್ರಾಫರ್ ಹುಡುಕುತ್ತಿದ್ದರೆ, ಅಡ್ವಾನ್ಸ್ ಕೊಡುವ ಮುಂಚೆ ಒಂದು ಮಾತು ಕೇಳಿ. ‘ನಮ್ಮ ಮದುವೆಗೆ ಕ್ಯಾಮೆರಾ ಹಿಡಿದು ಬರೋರು ಯಾರು?’ ಹೆಸರು ಹೇಳಲಿ. ಆ ಹೆಸರನ್ನು ಬರೆದು ಕೊಡಲಿ. ಕೊಡಲ್ಲ ಅಂದರೆ ಎದ್ದು ಬನ್ನಿ.

ತುಮಕೂರಿನಲ್ಲಿ ನನ್ನ ತಂಗಿ ಮದುವೆ ಆಯ್ತು. ಸ್ಟುಡಿಯೋ ಮಾಲೀಕರೇ ಮನೆಗೆ ಬಂದು ಆಲ್ಬಂ ತೋರಿಸಿದ್ದರು. ಚೆನ್ನಾಗಿದ್ದವು, ಇಲ್ಲ ಅನ್ನಲ್ಲ. ಕ್ಯಾಂಡಿಡ್, ಟ್ರೆಡಿಷನಲ್, ವಿಡಿಯೋ, ಎರಡು ಕರಿಜ್ಮಾ ಆಲ್ಬಂ (ಪುಟದ ಮೇಲೇ ಫೋಟೋ ಪ್ರಿಂಟ್ ಆಗಿರುವ ಪುಸ್ತಕದಂಥ ಆಲ್ಬಂ), ಎಲ್ಲ ಸೇರಿ 1,60,000 ರೂಪಾಯಿ. ಅಪ್ಪ ಒಂದೇ ಮಾತು ಕೇಳಿದರು, ‘ನೀವೇ ಬರ್ತೀರಾ ಅಲ್ವಾ?’ ಅವರು ಕಾಫಿ ಲೋಟ ಕೆಳಗಿಟ್ಟು, ‘ನಮ್ಮ ಮನೆ ಮದುವೆ ಅಂದ್ಕೊಳ್ಳಿ ಯಜಮಾನ್ರೇ, ನಾನೇ ಮುಂದೆ ನಿಂತಿರ್ತೀನಿ’ ಅಂದರು.

ಹಿಂದಿನ ದಿನ ಸಂಜೆ ಆರತಕ್ಷತೆಗೆ ಬಂದರು. ಸ್ಟೇಜ್ ಮೇಲೆ ಸ್ವಲ್ಪ ಹೊತ್ತು ಓಡಾಡಿದರು, ಊಟ ಮಾಡಿದರು, ಹೊರಟರು.

ಬೆಳಗ್ಗೆ ಧಾರೆಗೆ ಬಂದಿದ್ದು ಇಬ್ಬರು ಹುಡುಗರು. ನಾವು ಮುಖವೇ ನೋಡಿರಲಿಲ್ಲ. ಅವರಲ್ಲೊಬ್ಬ ನನ್ನ ಹತ್ತಿರ ಬಂದು, ‘ಅಣ್ಣ, ನಮಗೆ ನಿನ್ನೆ ರಾತ್ರಿ ಫೋನ್ ಮಾಡಿ ಹೇಳಿದ್ರು. ನಿಮ್ಮಲ್ಲಿ ಶಾಸ್ತ್ರ ಹೇಗೆ, ಯಾವುದು ಆದ್ಮೇಲೆ ಯಾವುದು?’ ಅಂತ ಕೇಳಿದ. ನನಗೆ ಕೈಕಾಲು ತಣ್ಣಗಾಯ್ತು. ಮಾಲೀಕರಿಗೆ ಫೋನ್ ಮಾಡಿದೆ. ‘ಟ್ರಾಫಿಕ್‌ನಲ್ಲಿದ್ದೀನಿ ಸರ್, ಬಂದೆ ಬಂದೆ.’ ಅವರ ಮಾತಿನ ಹಿಂದೆ ಗಟ್ಟಿಮೇಳ ಜೋರಾಗಿ ಕೇಳಿಸುತ್ತಿತ್ತು. ನಮ್ಮ ಛತ್ರದಲ್ಲಿ ಇನ್ನೂ ಗಟ್ಟಿಮೇಳ ಆಗಿರಲೇ ಇಲ್ಲ! ಬೇರೆ ಯಾರದ್ದೋ ಮದುವೆಯಲ್ಲಿ ನಿಂತುಕೊಂಡು ನನಗೆ ಟ್ರಾಫಿಕ್ ಅಂತ ಹೇಳುತ್ತಿದ್ದಾರೆ. ಇವತ್ತಿಗೂ ಆ ವಾಲಗದ ಸದ್ದು ನೆನಪಾದರೆ ಮೈ ಉರಿಯುತ್ತೆ.

ಅಂತರಪಟ ಸರಿಸುವ ಹೊತ್ತಿಗೆ ಕ್ಯಾಮೆರಾ ಹುಡುಗ ಕಂಬದ ಹತ್ತಿರ ಕೂತು ಬ್ಯಾಟರಿ ಬದಲಾಯಿಸುತ್ತಿದ್ದ. ಜೀರಿಗೆ ಬೆಲ್ಲ ಹಾಕಿ ಆಗಿಹೋಯ್ತು. ಓಡಿ ಬಂದು ಪುರೋಹಿತರಿಗೆ, ‘ಸ್ವಾಮಿ, ಇನ್ನೊಂದ್ಸಲ ಮಾಡಿಸಿ’ ಅಂದ. ಬೀಗರ ಕಡೆಯವರೆಲ್ಲ ನಮ್ಮ ಮುಖ ನೋಡಿದರು. ಅಪ್ಪ ತಲೆ ತಗ್ಗಿಸಿದರು. ಹುಡುಗನ ಮೇಲೆ ನನಗೆ ಕೋಪ ಇಲ್ಲ, ದಿನಗೂಲಿಗೆ ಬಂದವನು. ಕಳಿಸಿದವರ ಮೇಲೆ ಇದೆ. ಆಷಾಢ, ಧನುರ್ಮಾಸದಲ್ಲಿ ಮದುವೆ ಇರಲ್ಲ, ಅದಕ್ಕೆ ಒಳ್ಳೆ ಮುಹೂರ್ತ ಇರುವ ದಿನ ಮೂರ್ನಾಲ್ಕು ಮದುವೆ ಒಟ್ಟಿಗೆ ಒಪ್ಪಿಕೊಳ್ಳುವವರಿದ್ದಾರೆ. ದುಡ್ಡು ತಗೊಳ್ಳೋದು ಇವರು, ಬರೋದು ಯಾರೋ.

ಆಮೇಲೆ ಶುರುವಾಯ್ತು ನೋಡಿ. ಎಡಿಟಿಂಗ್‌ಗೆ ಹೋಗಿದೆ ಸರ್. ಲ್ಯಾಬ್‌ನಲ್ಲಿ ರಶ್ ಸರ್. ಎಡಿಟರ್ ಊರಿಗೆ ಹೋಗಿದ್ದಾನೆ ಸರ್. ಬೀಗರು ಪ್ರತಿ ಸಲ ಫೋನ್ ಮಾಡಿದಾಗಲೂ ಆಲ್ಬಂ ಕೇಳುತ್ತಾರೆ, ನಾವು ಏನು ಹೇಳೋದು? ಕೊನೆಗೆ ಒಂದು ದಿನ ವಾಟ್ಸಾಪ್‌ನಲ್ಲಿ, ‘ಧಾರೆದು ಕಾರ್ಡ್ ಕರಪ್ಟ್ ಆಗಿದೆ ಸರ್. ಟೆಕ್ನಿಕಲ್ ಪ್ರಾಬ್ಲಂ, ನಮ್ಮ ಕೈಯಲ್ಲಿಲ್ಲ.’ ಸರಿ, ಕಾರ್ಡ್ ಕೊಡಿ, ರಿಕವರಿ ಮಾಡಿಸ್ತೀನಿ ಅಂದೆ. ‘ಅದರಲ್ಲಿ ಬೇರೆ ಮದುವೆ ಶೂಟ್ ಆಗಿಬಿಟ್ಟಿದೆ ಸರ್.’ ಕೆಟ್ಟುಹೋಗಿದ್ದ ಕಾರ್ಡಿನಲ್ಲಿ ಬೇರೆ ಮದುವೆ ಹೇಗೆ ಶೂಟ್ ಆಯ್ತು? ಕೇಳಿದರೆ ಉತ್ತರ ಇಲ್ಲ. ಫಾರ್ಮ್ಯಾಟ್ ಆದ ಕಾರ್ಡಿನಿಂದಲೂ ಎಷ್ಟೋ ಸಲ ಫೋಟೋ ವಾಪಸ್ ತೆಗೆಯಬಹುದು. ಅದರ ಮೇಲೆ ಹೊಸದು ತುಂಬಿದರೆ ಮುಗೀತು. ಇಷ್ಟು ಗೊತ್ತಿಲ್ಲದವರಾ ಅವರು?

ಇನ್ನೂ ಕೇಳಿ. ‘ಬೇಕಾದ್ರೆ ಹುಡುಗ ಹುಡುಗಿನ ರೆಡಿ ಮಾಡ್ಕೊಂಡು ಸ್ಟುಡಿಯೋಗೆ ಕರ್ಕೊಂಡ್ ಬನ್ನಿ ಸರ್. ತಾಳಿ ಕಟ್ಟೋ ಸೀನ್ ಫ್ರೀಯಾಗಿ ತೆಗೆದುಕೊಡ್ತೀವಿ.’ ಸೀನ್ ಅಂತೆ! ನನ್ನ ತಂಗಿ ಆ ಮೆಸೇಜ್ ಓದಿ ಫೋನ್ ಪಕ್ಕಕ್ಕಿಟ್ಟು ಅತ್ತುಬಿಟ್ಟಳು. ಅಪ್ಪ ಧಾರೆ ಎರೆಯುವ ಒಂದು ಒಳ್ಳೆ ಫೋಟೋ ನಮ್ಮ ಹತ್ತಿರ ಇಲ್ಲ. ಚಿಕ್ಕಪ್ಪ ಮೊಬೈಲ್‌ನಲ್ಲಿ ತೆಗೆದದ್ದು ಒಂದಿದೆ, ಅದರಲ್ಲಿ ಅರ್ಧ ಯಾರದ್ದೋ ಭುಜ.

ಅದಕ್ಕೆ ಹೇಳ್ತಿದ್ದೀನಿ. ಆರಿಸಿಟ್ಟ ಆಲ್ಬಂ ನೋಡಿ ಮರುಳಾಗಬೇಡಿ, ಒಂದೇ ಮದುವೆಯ ಎಲ್ಲ ಫೋಟೋ ತೋರಿಸಿ ಅನ್ನಿ. ಎರಡು ಕಾರ್ಡ್ ಹಾಕುವ ಕ್ಯಾಮೆರಾ ಇದೆಯಾ, ಎರಡಕ್ಕೂ ಒಟ್ಟಿಗೆ ಸೇವ್ ಆಗುತ್ತಾ ಕೇಳಿ. ಮದುವೆ ಮುಗಿದ ದಿನವೇ ಛತ್ರದಲ್ಲೇ ನಿಮ್ಮ ಹಾರ್ಡ್ ಡಿಸ್ಕ್‌ಗೆ ಎಲ್ಲ ಕಾಪಿ ಹಾಕಿಸಿಕೊಳ್ಳಿ. ಎಡಿಟ್ ಆಗಿಲ್ಲ, ಹಾಗೆಲ್ಲ ಕೊಡಲ್ಲ ಅಂತಾರೆ. ಬಿಡಬೇಡಿ. ಪೂರ್ತಿ ದುಡ್ಡಂತೂ ಆಲ್ಬಂ ಕೈಗೆ ಬರುವವರೆಗೆ ಕೊಡಲೇಬೇಡಿ. ಬಿಲ್ ಕೇಳಿದರೆ 18% ಜಿಎಸ್‌ಟಿ ಜಾಸ್ತಿ ಆಗುತ್ತೆ ಅಂತ ಹೆದರಿಸುತ್ತಾರೆ, ನಮಗೂ ಹೆದರಿಸಿದರು. ಸಾಕ್ಷಿಗೆ ಅಂತ ಯುಪಿಐನಲ್ಲಿ ದುಡ್ಡು ಕಳಿಸಿದ್ದು, ವಾಟ್ಸಾಪ್ ಮಾತು, ಎಲ್ಲ ಉಳಿಸಿಕೊಂಡಿದ್ದೇನೆ.

1915ಕ್ಕೆ ಫೋನ್ ಮಾಡಿದರೆ ಗ್ರಾಹಕ ಸಹಾಯವಾಣಿ ಸಿಗುತ್ತೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರಿನ ಶುಲ್ಕ ಇಲ್ಲ. ತೊಂದರೆ ಆದ 2 ವರ್ಷದೊಳಗೆ ದೂರು ಕೊಡಬೇಕು. ಸ್ಟುಡಿಯೋ ಬೇರೆ ಊರಿನದ್ದಾದರೂ ನೀವಿರುವ ಜಿಲ್ಲೆಯಲ್ಲೇ ಕೊಡಬಹುದು. ದೂರು ಕೊಡ್ತೀನಿ ಅಂತ ಅವರಿಗೆ ಹೇಳಿದ್ದಕ್ಕೆ ಬಂದ ಉತ್ತರ, ‘ಸೀಸನ್ ಇದೆ ಸರ್, ಆಮೇಲೆ ಮಾತಾಡೋಣ.’ ನಾನು ಕಾಯಲ್ಲ. ಕಾಗದಪತ್ರ ಜೋಡಿಸಿ ಆಗಿದೆ, ಈ ವಾರವೇ ದೂರು ಕೊಡುತ್ತೇನೆ.