ಹಲ್ಲುನೋವು ತಾನಾಗಿ ನಿಂತರೆ ಗುಣವಾಯಿತೆಂದು ನಂಬಬೇಡಿ

ಹಲ್ಲಿನ ಸೋಂಕಿಗೆ ಮನೆಮದ್ದೇ ಸಾಕು, ದಂತವೈದ್ಯರ ಬಳಿ ಹೋದರೆ ಹಲ್ಲು ಕಿತ್ತೇ ಕಳಿಸುತ್ತಾರೆ ಎನ್ನುವವರ ಮಾತು ಕೇಳಿ ನನ್ನ ಅಣ್ಣ ಉಸಿರಿಗೆ ಒದ್ದಾಡುವ ಸ್ಥಿತಿ ತಲುಪಿದ್ದ. ಅದೇ ಮಾತು ಇನ್ನೂ ಎಷ್ಟೋ ಜನರ ಕಿವಿಗೆ ಬೀಳುತ್ತಿದೆ, ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಅವನ ಕೆಳದವಡೆಯ ಕೊನೆಯ ಹಲ್ಲು ಹುಳುಕಾಗಿತ್ತು. ಸಹಜ ಚಿಕಿತ್ಸೆಯ ಸಲಹೆ ಕೊಡುವವರೊಬ್ಬರು ಲವಂಗದ ಎಣ್ಣೆ ಹಚ್ಚಲು, ಜಜ್ಜಿದ ಬೆಳ್ಳುಳ್ಳಿಯನ್ನು ಹಲ್ಲಿನ ಬುಡಕ್ಕೆ ಒತ್ತಿಕೊಂಡು ಮಲಗಲು, ಬೆಳಿಗ್ಗೆ ಎಣ್ಣೆಯಲ್ಲಿ ಬಾಯಿ ಮುಕ್ಕಳಿಸಲು ಹೇಳಿದರು. ಬೆಳ್ಳುಳ್ಳಿ ತಗಲಿದ ಕಡೆ ಒಸಡು ಸುಟ್ಟು ಬೆಳ್ಳಗಾಯಿತು. ‘ವಿಷ ಹೊರಬರುತ್ತಿದೆ’ ಎಂದರು. ಆಮೇಲೆ ಒಂದು ರಾತ್ರಿ ನೋವು ಪೂರ್ತಿ ನಿಂತುಹೋಯಿತು. ‘ಸೋಂಕು ಸತ್ತಿತು’ ಎಂದರು.

ಸತ್ತದ್ದು ಹಲ್ಲಿನೊಳಗಿನ ನರ. ಹಲ್ಲಿನ ನಡುವೆ ನರ ಮತ್ತು ರಕ್ತನಾಳಗಳಿರುವ ಮೃದುವಾದ ತಿರುಳು ಇರುತ್ತದೆ. ಅದು ಊದಿಕೊಂಡರೆ ಸುತ್ತಲಿನ ಗಟ್ಟಿ ಗೋಡೆ ಜಾಗ ಬಿಡುವುದಿಲ್ಲ, ಹಾಗಾಗಿ ಅಷ್ಟು ಭಯಂಕರ ನೋವು. ತಿರುಳು ಸತ್ತಾಗ ನೋವು ನಿಲ್ಲುತ್ತದೆ, ಆದರೆ ಬ್ಯಾಕ್ಟೀರಿಯಾ ಬೇರಿನ ತುದಿಯಿಂದ ಮೂಳೆಗೆ ಇಳಿಯುತ್ತಲೇ ಇರುತ್ತದೆ. ಸತ್ತ ತಿರುಳಿಗೆ ರಕ್ತ ಹರಿಯುವುದಿಲ್ಲವಾದ್ದರಿಂದ ನುಂಗಿದ ಆಂಟಿಬಯೋಟಿಕ್ ಕೂಡ ಒಳಗೆ ತಲುಪದು. ಬೇರುನಾಳ (ರೂಟ್ ಕೆನಾಲ್) ಶುಚಿಗೊಳಿಸಬೇಕು, ಇಲ್ಲವೇ ಹಲ್ಲು ತೆಗೆಯಬೇಕು. ಹೊರಗಿನಿಂದ ಹಚ್ಚಿದ ಯಾವ ಎಣ್ಣೆಯೂ ಅಲ್ಲಿಗೆ ಹೋಗುವುದಿಲ್ಲ.

ಕೆಲವು ವಾರಗಳ ನಂತರ ಅಣ್ಣನ ದವಡೆಯ ಕೆಳಗೆ ಬಾವು ಬಂತು, ಜೊತೆಗೆ ಜ್ವರ. ಬಿಸಿ ಶಾಖ ಕೊಡುವ ಸಲಹೆ ಬಂತು. ಎರಡೂ ಕಡೆ ಕುತ್ತಿಗೆ ಗಟ್ಟಿಯಾಯಿತು, ಬಾಯಿ ಬೆರಳು ಹೋಗುವಷ್ಟೂ ತೆರೆಯಲಿಲ್ಲ, ನಾಲಿಗೆ ಮೇಲಕ್ಕೆತ್ತಿಕೊಂಡು ಜೊಲ್ಲು ನುಂಗಲೂ ಆಗಲಿಲ್ಲ. ತುರ್ತು ವಿಭಾಗದಲ್ಲಿ ಇದಕ್ಕೆ ಲುಡ್ವಿಗ್ ಆಂಜೈನಾ, ಅಂದರೆ ಬಾಯಿಯ ತಳದಲ್ಲಿ ವೇಗವಾಗಿ ಹರಡುವ ಸೋಂಕು, ಎಂದರು. ಜರ್ಮನ್ ವೈದ್ಯ ಲುಡ್ವಿಗ್ 1836ರಲ್ಲಿ ವಿವರಿಸಿದ ಈ ಕಾಯಿಲೆ ಹೆಚ್ಚಾಗಿ ಕೆಳಗಿನ ಹಿಂದಿನ ದವಡೆ ಹಲ್ಲುಗಳಿಂದಲೇ ಹುಟ್ಟುತ್ತದೆ. ಅವುಗಳ ಬೇರು ಬಾಯಿಯ ತಳದ ಸ್ನಾಯುವಿಗಿಂತ ಕೆಳಗಿರುವುದರಿಂದ ಸೋಂಕು ನೇರ ಕುತ್ತಿಗೆಗೆ ಹರಡುತ್ತದೆ. ಶ್ವಾಸನಾಳ ಮುಚ್ಚಿದರೆ ಜೀವ ಹೋಗುತ್ತದೆ. ಕುತ್ತಿಗೆಯನ್ನು ಹೊರಗಿನಿಂದ ಕುಯ್ದು ಕೀವು ಹರಿಸಿದರು, ಹಲ್ಲು ತೆಗೆದರು, ತೀವ್ರ ನಿಗಾ ಘಟಕದಲ್ಲಿ ಇಟ್ಟರು. ಬದುಕಿದ. ಗಂಟಲ ಕೆಳಗಿನ ಗಾಯದ ಗುರುತು ಉಳಿದಿದೆ.

ಮನೆಮದ್ದನ್ನೆಲ್ಲ ಹೀಗಳೆಯುವ ಉದ್ದೇಶ ನನಗಿಲ್ಲ. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ಎಂಬ ಅಂಶ ನಿಜವಾಗಿಯೂ ನೋವು ಮರಗಟ್ಟಿಸುತ್ತದೆ, ದಂತವೈದ್ಯರೇ ತಾತ್ಕಾಲಿಕ ತುಂಬುವ ವಸ್ತುವಿನಲ್ಲಿ ಅದನ್ನು ಬಳಸುತ್ತಾರೆ. ಆದರೆ ತೆಳುಗೊಳಿಸದ ಲವಂಗದ ಎಣ್ಣೆ ಒಸಡನ್ನು ಸುಡುತ್ತದೆ, ಚಿಕ್ಕ ಮಕ್ಕಳು ನುಂಗಿದರೆ ಯಕೃತ್ತಿಗೆ ಗಂಭೀರ ಹಾನಿಯಾಗಬಹುದು. ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸುವುದು ಒಳ್ಳೆಯದೇ, ವೈದ್ಯರ ಬಳಿ ಹೋಗುವವರೆಗೆ. ಎಣ್ಣೆ ಮುಕ್ಕಳಿಸಿ ಕೀವು ಗುಣವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ನಿಂಬೆರಸ ಉಜ್ಜುವವರು ದಯವಿಟ್ಟು ನಿಲ್ಲಿಸಿ. ಬಾಯಿಯ ಪಿಎಚ್ (ಆಮ್ಲೀಯತೆಯ ಅಳತೆ, ಕಡಿಮೆಯಾದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಕರಗತೊಡಗುತ್ತದೆ, ನಿಂಬೆರಸ ಅದಕ್ಕಿಂತ ಬಹಳ ಹೆಚ್ಚು ಆಮ್ಲೀಯ.

ತಡೆಯುವ ವಿಷಯದಲ್ಲಿ ಮಾತ್ರ ನಮ್ಮ ಕೈಯಲ್ಲಿ ಬಹಳಷ್ಟಿದೆ. ದಿನಕ್ಕೆ ಎರಡು ಬಾರಿ ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜಿ, ಹಲ್ಲುಗಳ ಸಂದು ಶುಚಿಗೊಳಿಸಿ, ಸಿಹಿಯನ್ನು ಊಟದ ಹೊತ್ತಿಗಷ್ಟೇ ಇಟ್ಟುಕೊಳ್ಳಿ. ಬಿಳಿ ಚುಕ್ಕೆಯ ಹಂತದಲ್ಲಿರುವ ಹುಳುಕನ್ನು ಲಾಲಾರಸದ ಖನಿಜ ಮತ್ತು ಫ್ಲೋರೈಡ್ ಹಿಮ್ಮೆಟ್ಟಿಸಬಲ್ಲವು. ತೂತು ಬಿದ್ದ ಮೇಲೆ ಅದು ತಾನಾಗಿ ಮುಚ್ಚುವುದಿಲ್ಲ.

ಮುಖ ಅಥವಾ ಕುತ್ತಿಗೆ ಊದಿದ್ದರೆ, ಜ್ವರವಿದ್ದರೆ, ಬಾಯಿ ತೆರೆಯಲಾಗದಿದ್ದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ಮೇಲಿನ ಹಲ್ಲಿನ ಬಾವು ಕಣ್ಣಿನತ್ತ ಏರುತ್ತಿದ್ದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ ಇರುವವರಲ್ಲಿ ಸೋಂಕು ಇನ್ನೂ ಬೇಗ ಹರಡುತ್ತದೆ, ಅವರು ಬಾವು ಸಣ್ಣದಿದ್ದಾಗಲೇ ಹೊರಡಬೇಕು.