ಯೂರಿನ್ ಕಲ್ಚರ್: ತುಮಕೂರಿನ ಒಂದು ಲ್ಯಾಬ್
ಬಿ.ಎಚ್. ರಸ್ತೆಯ ಈ ಲ್ಯಾಬಿನಲ್ಲಿ ಕಲ್ಚರ್ (ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ) ಕೆಲಸ ಅಚ್ಚುಕಟ್ಟು. ರಿಪೋರ್ಟಿಗೆ ಎರಡು ಮೂರು ದಿನ ಬೇಕೇ ಬೇಕು, ಅವಸರ ಮಾಡಿ ಪ್ರಯೋಜನವಿಲ್ಲ. ತಟ್ಟೆಯಲ್ಲಿಟ್ಟ, ಔಷಧ ಹೀರಿದ ಕಾಗದದ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತವನ್ನು ಮಿಲಿಮೀಟರ್‌ನಲ್ಲಿ ಅಳೆದು 'ಎಸ್' (ಔಷಧಕ್ಕೆ ಬಗ್ಗುತ್ತದೆ) ಅಥವಾ 'ಆರ್' (ಬಗ್ಗುವುದಿಲ್ಲ) ಎಂದು ಬರೆಯುತ್ತಾರೆ. 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫ್ಲೆಮಿಂಗ್ ಲಂಡನ್ನಿನಲ್ಲಿ ಬೂಷ್ಟಿನ ಸುತ್ತ ಕಂಡದ್ದೂ ಇಂಥದೇ ಖಾಲಿ ಜಾಗ. ಡೋಸ್ ಕಡಿಮೆಯಾದರೆ ಕ್ರಿಮಿ ಔಷಧಕ್ಕೆ ಬಗ್ಗುವುದಿಲ್ಲ ಎಂದು 1945ರ ನೊಬೆಲ್ ಭಾಷಣದಲ್ಲೇ ಎಚ್ಚರಿಸಿದ್ದರು.

ಕೊರತೆ ಇರುವುದು ಕೌಂಟರಿನಲ್ಲಿ: ಡಬ್ಬಿ ಕೊಟ್ಟು ಕಳಿಸುತ್ತಾರೆ, ವಿಧಾನ ಹೇಳುವುದಿಲ್ಲ. ಆಂಟಿಬಯಾಟಿಕ್ ಶುರುಮಾಡುವ ಮುಂಚೆಯೇ ಸ್ಯಾಂಪಲ್ ಕೊಡಬೇಕು. ಮೊದಲ ಧಾರೆ ಬಿಟ್ಟು ನಡುವಿನದ್ದು ಹಿಡಿಯಿರಿ, ಮುಚ್ಚಳದ ಒಳಭಾಗ ಮುಟ್ಟಬೇಡಿ. ಎರಡು ಗಂಟೆ ಮೀರಿ ಹೊರಗಿಟ್ಟರೆ ಬ್ಯಾಕ್ಟೀರಿಯಾ ಡಬ್ಬಿಯಲ್ಲೇ ಹೆಚ್ಚಿ ಲೆಕ್ಕ ತಪ್ಪುತ್ತದೆ. ಶಿರಾ, ಪಾವಗಡ ಕಡೆಯಿಂದ ತರುವವರು ಐಸ್‌ಪ್ಯಾಕ್ ಜೊತೆಗಿಟ್ಟುಕೊಳ್ಳಿ.