ಇಬರ್ಡ್ ಆ್ಯಪ್: ಕಾಗೆಯನ್ನೂ ಬರೆಯುವವರಿಗೆ

ಹಕ್ಕಿ ನೋಡುವವರ ಟಿಪ್ಪಣಿ ವಿಜ್ಞಾನಕ್ಕೆ ನೇರವಾಗಿ ಒದಗುವಂತೆ ಮಾಡಿದ ಪುಕ್ಕಟೆ ಆ್ಯಪ್ ಇದು. ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿವಿಜ್ಞಾನ ಪ್ರಯೋಗಾಲಯವು ಪಕ್ಷಿ ಸಂರಕ್ಷಣೆಯ ಆಡುಬಾನ್ ಸೊಸೈಟಿಯೊಂದಿಗೆ 2002ರಲ್ಲಿ ಇಬರ್ಡ್ ಆರಂಭಿಸಿತು. ಭಾರತದ ಪಕ್ಷಿಗಳ ಸ್ಥಿತಿಗತಿ ಕುರಿತ 2023ರ ವರದಿ 942 ಪ್ರಭೇದಗಳನ್ನು ಅಳೆದದ್ದು 30,000ಕ್ಕೂ ಹೆಚ್ಚು ಮಂದಿ ಇಲ್ಲಿ ತುಂಬಿದ ಪಟ್ಟಿಗಳಿಂದ. ನಮ್ಮ ರಾಜ್ಯಪಕ್ಷಿ ನೀಲಕಂಠ ಹನ್ನೆರಡು ವರ್ಷಗಳಲ್ಲಿ ಶೇ 30ರಷ್ಟು ಕುಸಿದಿದೆ ಎಂದು ಆ ವರದಿಯೇ ಹೇಳಿತು.

ಬಳಸುವುದು ಸುಲಭ. ಹೊರಡುವ ಮೊದಲೇ ವೈಫೈನಲ್ಲಿ ನಿಮ್ಮ ಪ್ರದೇಶದ ಪ್ಯಾಕ್ (ಅಲ್ಲಿನ ಹಕ್ಕಿಗಳ ಹೆಸರಿನ ಕಡತ) ಇಳಿಸಿಕೊಳ್ಳಿ. ಘಟ್ಟದೊಳಗೆ ನೆಟ್‌ವರ್ಕ್ ನಂಬುವ ಹಾಗಿಲ್ಲ. ಪಟ್ಟಿ ಶುರುಮಾಡಿ ಕನಿಷ್ಠ 15 ನಿಮಿಷ ನೋಡಿ. ಗುಂಪು ದೊಡ್ಡದಿದ್ದರೆ ಹತ್ತು ಹಕ್ಕಿ ಎಣಿಸಿ, ಅಂಥ ಹತ್ತುಗಳು ಎಷ್ಟಿವೆ ಎಂದು ಅಂದಾಜಿಸಿ. ಸಂಖ್ಯೆಯ ಬದಲು 'ಎಕ್ಸ್' ಒತ್ತಿದರೆ ಹಕ್ಕಿ ಇತ್ತು ಎಂಬುದಷ್ಟೇ ಉಳಿಯುತ್ತದೆ, ಎಷ್ಟಿತ್ತು ಎಂಬುದು ಹೋಗುತ್ತದೆ.

ಕೊನೆಯಲ್ಲಿ ಬರುವ ಒಂದು ಪ್ರಶ್ನೆಯಲ್ಲೇ ಇಡೀ ಆ್ಯಪಿನ ಬೆಲೆ ಅಡಗಿದೆ: ಗುರುತಿಸಲಾದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ? 'ಹೌದು' ಎಂದರೆ, ಪಟ್ಟಿಯಲ್ಲಿಲ್ಲದ ಹಕ್ಕಿ ಅಲ್ಲಿ ನಿಮಗೆ ಕಾಣಲಿಲ್ಲ, ಕೇಳಲಿಲ್ಲ ಎಂದು ಲೆಕ್ಕವಾಗುತ್ತದೆ. ನೂರು ಪಟ್ಟಿಗಳಲ್ಲಿ ಎಷ್ಟರಲ್ಲಿ ಗೊರವಂಕ ಇದೆ ಎಂದು ವರ್ಷದಿಂದ ವರ್ಷಕ್ಕೆ ಹೋಲಿಸಿಯೇ ಏರಿಳಿತ ತಿಳಿಯುವುದು. ಕಾಗೆ, ಪಾರಿವಾಳ ಬಿಟ್ಟು ಮಿಂಚುಳ್ಳಿ ಮಾತ್ರ ಬರೆದು 'ಹೌದು' ಒತ್ತಿದರೆ, ಕಾಗೆಯೇ ಇಲ್ಲದ ಊರು ತಯಾರಾಗುತ್ತದೆ. ಆರಿಸಿ ಬರೆದಿದ್ದರೆ 'ಇಲ್ಲ' ಒತ್ತಿ, ತಪ್ಪೇನಿಲ್ಲ.

ಹೆಚ್ಚು ಕೆಡುವುದು ದೂರದ ಲೆಕ್ಕ. ನಡಿಗೆ ಮುಗಿಸಿ ಬಸ್ ಹತ್ತಿದರೂ ಜಿಪಿಎಸ್ ಓಡುತ್ತಲೇ ಇರುತ್ತದೆ. ಕೆರೆ ಏರಿಯ ಎರಡು ಕಿಲೋಮೀಟರ್ ಇಪ್ಪತ್ತಾಗುತ್ತದೆ. ಕಳಿಸುವ ಮುನ್ನ ದೂರ, ಅವಧಿ ತಿದ್ದಿ. ಒಂದು ಪಟ್ಟಿ 8 ಕಿಲೋಮೀಟರ್ ಮೀರಬಾರದು. ಕೆರೆಗೊಂದು, ಹೊಲಕ್ಕೊಂದು ಪಟ್ಟಿ ಮಾಡಿದರೆ ಇನ್ನೂ ಒಳ್ಳೆಯದು, ಏಕೆಂದರೆ ದಿನವಿಡೀ ಸುತ್ತಿದ್ದನ್ನು ಒಂದರಲ್ಲೇ ತುಂಬಿದರೆ ಯಾವ ಹಕ್ಕಿ ಎಲ್ಲಿತ್ತೆಂದು ಯಾರೂ ಹೇಳಲಾರರು.

ಜೊತೆಗಾರ ಆ್ಯಪ್ ಮರ್ಲಿನ್ ಕೂಗು ಕೇಳಿ ಹೆಸರು ಸೂಚಿಸುತ್ತದೆ. ಕಿವಿ ಪಳಗಿಸಿಕೊಳ್ಳಲು ಚೆನ್ನ; ಸಾಕ್ಷಿಯಾಗಿ ಸಾಲದು. ಭೀಮರಾಜ ಬೇರೆ ಹಕ್ಕಿಗಳ ದನಿ ಅನುಕರಿಸುವ ಕಾಡಿನಲ್ಲಂತೂ ಕಣ್ಣಾರೆ ಕಂಡೋ ಕೂಗನ್ನು ಸ್ವತಃ ಗುರುತಿಸಿಯೋ ಬರೆಯಿರಿ. ಆ ಊರಿಗೆ, ಆ ತಿಂಗಳಿಗೆ ಅಪರೂಪದ ಹೆಸರನ್ನೋ ಅತಿ ದೊಡ್ಡ ಸಂಖ್ಯೆಯನ್ನೋ ಹಾಕಿದರೆ ಆ್ಯಪ್ ವಿವರ ಕೇಳುತ್ತದೆ, ಸ್ವಯಂಸೇವಕ ಪರಿಶೀಲಕರು ಪತ್ರವನ್ನೂ ಬರೆಯಬಹುದು. ಸಿಟ್ಟಾಗುವವರಿದ್ದಾರೆ, ಆದರೆ ಈ ಜರಡಿ ಇಲ್ಲದಿದ್ದರೆ ದತ್ತಾಂಶಕ್ಕೆ ಕಿಮ್ಮತ್ತಿಲ್ಲ.

ಬೇಟೆ, ಮಾರಾಟಕ್ಕೆ ಗುರಿಯಾಗುವ ಕೆಲವು ಪ್ರಭೇದಗಳ ನಿಖರ ಜಾಗವನ್ನು ಇಬರ್ಡ್ ತಾನೇ ಮರೆಮಾಡುತ್ತದೆ. ಉಳಿದ ಹಕ್ಕಿಗಳಿಗೆ ಆ ರಕ್ಷಣೆಯಿಲ್ಲ. ಗೂಡು ಕಂಡಿದ್ದರೆ ಮರಿಗಳು ಹಾರಿಹೋದ ಮೇಲೆ ಪಟ್ಟಿ ಕಳಿಸಿ.